ಬಂಡೆಯ ಬರಹ, ಹೆಸರಿಲ್ಲದ ಮಸೂರ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಸ್ಕಿ ಈಗ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. 1915ರಲ್ಲಿ ಅದು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿನ ಒಂದು ಊರು. ಆ ವರ್ಷ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಹಳೆಯ ಅಕ್ಷರಗಳನ್ನು ಕಂಡ. ಶಾಸನ ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿದರು. ಅವರ ಪಾಠ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅಚ್ಚಾಯಿತು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ ದೊರೆ ತನ್ನನ್ನು ಬಿರುದುಗಳಿಂದಲೇ ಕರೆದುಕೊಂಡಿದ್ದ. ಮಸ್ಕಿಯಲ್ಲಿ 'ದೇವಾನಂಪಿಯ' ಎಂಬ ಬಿರುದಿನ ಪಕ್ಕದಲ್ಲೇ 'ಅಶೋಕ' ಎಂಬ ಹೆಸರೂ ಇತ್ತು.

ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ 1837ರ ಹೊತ್ತಿಗೇ ಶ್ರೀಲಂಕಾದ ಪಾಳಿ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಈ ಬಿರುದಿನ ದೊರೆ ಅಶೋಕನೇ ಎಂದು ಗುರುತಿಸಿದ್ದ. ಅದು ಗ್ರಂಥದ ಸಾಕ್ಷಿ. ಕಲ್ಲಿನ ಸಾಕ್ಷಿ ಬರಲು ಸುಮಾರು 80 ವರ್ಷ ಕಾಯಬೇಕಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಂಗಳಲ್ಲಿ ಇದೇ ಹೆಸರು ಕಾಣಿಸಿಕೊಂಡಿತು. ಆದರೆ ಮೊದಲ ಗೌರವ ಮಸ್ಕಿಯದು.

ಬಂಡೆಯ ಮೇಲಿರುವ ರೂಪ 'ಅಸೋಕಸ'. ಅಂದರೆ 'ಅಶೋಕನ' ಎಂದರ್ಥ, ನಾಲ್ಕೇ ಅಕ್ಷರ. ಬ್ರಾಹ್ಮಿಯಲ್ಲಿ ಓಕಾರವೆಂದರೆ ಅಕ್ಷರದ ಮೇಲ್ತುದಿಯ ಎಡಕ್ಕೂ ಬಲಕ್ಕೂ ಎಳೆದ ಎರಡು ಕಿರುಗೆರೆಗಳು. ಎಡಗೆರೆ ಮಾತ್ರ ಉಳಿದರೆ ಅದು ಏಕಾರ, ಬಲಗೆರೆ ಮಾತ್ರ ಉಳಿದರೆ ಆಕಾರ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಗಾಳಿ ಮಳೆಗೆ ಸವೆದ ಕಲ್ಲಿನಲ್ಲಿ ಇಂಥ ಗೆರೆಯೊಂದು ಇದೆಯೋ ಇಲ್ಲವೋ ಎನ್ನುವುದೇ ವಾದಕ್ಕೆ ಕಾರಣವಾಗಬಹುದು. ಎಲ್ಲ ವಿದ್ವಾಂಸರೂ ಗುಡ್ಡ ಹತ್ತಿ ಬಂದು ನೋಡಲಾರರು. ದೂರದವರು ನೆಚ್ಚಬೇಕಾದದ್ದು ಎರಡನ್ನು. ಒಂದು, ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಹಚ್ಚಿ ತೆಗೆದ ಪಡಿಯಚ್ಚು. ಇನ್ನೊಂದು, ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಛಾಯಾಚಿತ್ರ. ಚಿತ್ರ ನಿಜ ಹೇಳಬೇಕಾದರೆ ಅದನ್ನು ಬರೆದ ಮಸೂರ ನಿಜ ಹೇಳಬೇಕು.

ಆ ಮಸೂರ ಯಾವುದು? ಹಳೆಯ ಪುರಾತತ್ವ ವರದಿಗಳ ಚಿತ್ರಪಟಗಳ ಕೆಳಗೆ ಊರಿನ ಹೆಸರಿರುತ್ತದೆ, ದೇಗುಲದ ಹೆಸರಿರುತ್ತದೆ. ಮಸೂರದ ಹೆಸರನ್ನು ಯಾರೂ ಬರೆಯುವ ವಾಡಿಕೆಯಿಲ್ಲ. ಇಂದು ಮಾತ್ರ ಹಳೆಯ ಮಸೂರವೊಂದು ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ಓದುವುದು ಅದರ ಉಂಗುರದ ಮೇಲಿನ ಹೆಸರನ್ನೇ. ಝೈಸ್, ಗೋರ್ಟ್ಸ್, ಡಾಲ್‌ಮೇಯರ್, ಕುಕ್ ಎಂದಿದ್ದರೆ ಬೆಲೆ ಏರುತ್ತದೆ. ಕೇಳದ ಹೆಸರಿದ್ದರೆ ಅಥವಾ ಹೆಸರೇ ಇಲ್ಲದಿದ್ದರೆ ಹಿತ್ತಾಳೆಯ ತೂಕಕ್ಕೆ ಬಂದು ನಿಲ್ಲುತ್ತದೆ. ಈ ಪದ್ಧತಿ ಎಷ್ಟು ಸರಿ? ಹೆಸರು ಬಿಟ್ಟು ಮಸೂರದ ಗುಣವನ್ನೇ ಅಳೆಯುವುದು ಸಾಧ್ಯವೆ?

ದೊಡ್ಡ ಕ್ಯಾಮೆರಾ ಎಂದರೇನು?

ಸ್ಟುಡಿಯೊದಲ್ಲಿ ಕಪ್ಪು ಬಟ್ಟೆ ಹೊದ್ದು, ಮರದ ಪೆಟ್ಟಿಗೆಯ ಹಿಂದೆ ಬಗ್ಗಿ ನಿಂತು, "ಅಲುಗಾಡಬೇಡಿ" ಎನ್ನುತ್ತಿದ್ದ ಫೋಟೊಗ್ರಾಫರನನ್ನು ಹಿರಿಯ ಓದುಗರು ಬಲ್ಲರು. ಅವನ ಮುಂದಿದ್ದುದೇ ದೊಡ್ಡ ಕ್ಯಾಮೆರಾ. ಮುಂದೆ ಮಸೂರ ಕೂರಿಸಿದ ಹಲಗೆ, ಹಿಂದೆ ಚಿತ್ರ ಮೂಡುವ ಮಬ್ಬುಗಾಜು, ನಡುವೆ ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ಬೆಲ್ಲೋಸ್. ಮಬ್ಬುಗಾಜಿನ ಮೇಲೆ ತಲೆಕೆಳಗಾದ ಚಿತ್ರವನ್ನು ನೋಡಿ ಫೋಕಸ್ ಮಾಡಿ, ಅದೇ ಜಾಗಕ್ಕೆ ಗಾಜಿನ ಪ್ಲೇಟನ್ನೋ ಬಿಡಿ ಹಾಳೆಯ ಫಿಲ್ಮನ್ನೋ ಸೇರಿಸಿ ಬೆಳಕು ಕೊಡುವುದು ಕ್ರಮ. ಒಂದು ಹಾಳೆಗೆ ಒಂದೇ ಚಿತ್ರ. ಹಾಫ್ ಪ್ಲೇಟ್ ಎಂದರೆ ನಾಲ್ಕೂಮುಕ್ಕಾಲು ಅಂಗುಲಕ್ಕೆ ಆರೂವರೆ ಅಂಗುಲ. ಫುಲ್ ಪ್ಲೇಟ್ ಎಂದರೆ ಆರೂವರೆಗೆ ಎಂಟೂವರೆ. ಇಂದು ಹೆಚ್ಚು ಬಳಕೆಯಲ್ಲಿರುವುದು 4 ಅಂಗುಲಕ್ಕೆ 5 ಅಂಗುಲದ ಹಾಳೆ.

ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ತಯಾರಾಗತೊಡಗಿದ 'ವಾಗೀಶ್ವರಿ' ಎಂಬ ಮರದ ಕ್ಯಾಮೆರಾ ಸ್ಟುಡಿಯೊಗಳಲ್ಲಿ ಹೆಸರು ಮಾಡಿತ್ತು. ಮರಗೆಲಸವೂ ಹಿತ್ತಾಳೆಯ ಕೆಲಸವೂ ನಮ್ಮವರದು. ಮಸೂರ ಮಾತ್ರ ಹೊರದೇಶದ್ದು. ಲಂಡನ್, ಪ್ಯಾರಿಸ್, ಜರ್ಮನಿಗಳಲ್ಲಿ ದೊಡ್ಡ ಕಂಪನಿಗಳ ಜೊತೆಗೆ ನೂರಾರು ಸಣ್ಣ ಕಾರ್ಖಾನೆಗಳಿದ್ದವು. ಪ್ಯಾರಿಸಿನ ಡಾರ್ಲೋನಂಥವರು ತಾವು ಮಾಡಿದ ಮಸೂರಗಳನ್ನು ಬೇರೆ ವ್ಯಾಪಾರಿಗಳ ಹೆಸರಿನಲ್ಲಿ ಮಾರಲೂ ಕೊಡುತ್ತಿದ್ದರು. ಝೈಸ್ ಕಂಪನಿಯ ವಿನ್ಯಾಸಗಳನ್ನು ಪರವಾನಗಿ ಪಡೆದು ಪ್ಯಾರಿಸಿನ ಕ್ರೌಸ್, ಅಮೆರಿಕದ ಬಾಷ್ ಅಂಡ್ ಲಾಂಬ್ ಕೂಡ ತಯಾರಿಸಿದವು. ಇನ್ನೊಂದೆಡೆ ಹೆಸರಾಂತ ಕಂಪನಿಗಳ ಹೆಸರನ್ನು ಕಳಪೆ ಮಾಲಿನ ಮೇಲೆ ಕೆತ್ತಿ ಮಾರಿದವರೂ ಇದ್ದರು. ಹೀಗಾಗಿ ಉಂಗುರದ ಮೇಲಿನ ಹೆಸರು ಎಷ್ಟೋ ಸಲ ಮಾರಿದವನನ್ನು ಹೇಳುತ್ತದೆ, ಮಾಡಿದವನನ್ನಲ್ಲ.

ಹಂಪಿಯ ಕಾಗದ ನೆಗೆಟಿವ್‌ಗಳು

ಮಸೂರದ ಗುಣ ಎಷ್ಟು ಬೇಕು ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಒಳ್ಳೆಯ ಉತ್ತರವಿದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯ ದೇಗುಲ, ಮಂಟಪಗಳನ್ನು ಚಿತ್ರಿಸಿದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಒಂದೊಂದು ಹಾಳೆಯೂ ಸುಮಾರು 16 ಅಂಗುಲಕ್ಕೆ 18 ಅಂಗುಲ. ವಿಜಯ ವಿಠ್ಠಲ ದೇಗುಲದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವೊಂದು ಇತ್ತು. ಇಂದು ಅದಿಲ್ಲ. ಅದು ಹೇಗಿತ್ತು ಎಂದು ನಾವು ನೋಡುವುದು ಗ್ರೀನ್‌ಲಾನ ಚಿತ್ರದಲ್ಲಿ. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಚಿತ್ರ ತೆಗೆದಾಗ ಬಿದ್ದದ್ದೇನು, ಉಳಿದದ್ದೇನು ಎಂದು ಕಲ್ಲು ಕಲ್ಲಿಗೂ ಹೋಲಿಸಲು ಸಾಧ್ಯವಾಯಿತು.

ಇಂದಿನ ಲೆಕ್ಕದಲ್ಲಿ 1850ರ ದಶಕದ ಮಸೂರ ಬಹಳ ಸರಳವಾದದ್ದು. ಆ ಚಿತ್ರಗಳ ಸೂಕ್ಷ್ಮತೆಗೆ ಎಲ್ಲೆ ಹಾಕಿದ್ದು ಗಾಜಿಗಿಂತ ಹೆಚ್ಚಾಗಿ ಕಾಗದದ ನಾರು. ಆದರೂ ಅವು ಇಂದಿಗೂ ಸಾಕ್ಷಿಯಾಗಿ ನಿಲ್ಲುತ್ತವೆ. ಕಾರಣ ಹಾಳೆಯ ಗಾತ್ರ. ಚಿತ್ರವನ್ನು ಹಿಗ್ಗಿಸಬೇಕಾಗಿಯೇ ಇರಲಿಲ್ಲ. ನೆಗೆಟಿವ್ ಇದ್ದಷ್ಟೇ ದೊಡ್ಡದಾಗಿ ಅಚ್ಚು ಹಾಕುತ್ತಿದ್ದರು.

ಇದರ ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಚಿತ್ರದಲ್ಲಿ ಒಳ್ಳೆಯ ಕಣ್ಣು ಒಂದು ಮಿಲಿಮೀಟರಿನೊಳಗೆ ಐದಾರು ಜೋಡಿ ಕಪ್ಪುಬಿಳಿ ಗೆರೆಗಳನ್ನು ಬಿಡಿಸಿ ನೋಡಬಲ್ಲದು. ಹಾಫ್ ಪ್ಲೇಟನ್ನು ಇದ್ದ ಹಾಗೆ ಅಚ್ಚು ಹಾಕಿದರೆ ಮಸೂರ ಅಷ್ಟನ್ನು ಬಿಡಿಸಿದರೂ ಸಾಕು. 4ಕ್ಕೆ 5 ಅಂಗುಲದ ಹಾಳೆಯನ್ನು ಮೂರು ಪಟ್ಟು ಹಿಗ್ಗಿಸಿ 12ಕ್ಕೆ 15 ಅಂಗುಲದ ಚಿತ್ರ ಮಾಡಲು 15ರಿಂದ 18 ಜೋಡಿ ಬೇಕು. ಅದೇ 35 ಮಿಲಿಮೀಟರ್ ಫಿಲ್ಮಿನ ಪುಟ್ಟ ಚೌಕದಿಂದ ಅಷ್ಟೇ ದೊಡ್ಡ ಚಿತ್ರ ಬೇಕೆಂದರೆ ಸುಮಾರು ಹನ್ನೆರಡು ಪಟ್ಟು ಹಿಗ್ಗಿಸಬೇಕು. ಮಸೂರ 60-70 ಜೋಡಿ ಬಿಡಿಸಬೇಕು. ಸಣ್ಣ ಕ್ಯಾಮೆರಾದಲ್ಲಿ ಸೋಲುವ ಸಾಧಾರಣ ಮಸೂರ ದೊಡ್ಡ ಕ್ಯಾಮೆರಾದಲ್ಲಿ ಗೆಲ್ಲಲು ಇದೇ ಕಾರಣ.

ಮತ್ತೊಂದು ನಿಸರ್ಗ ನಿಯಮವೂ ಅನಾಮಿಕ ಮಸೂರದ ಪರವಾಗಿದೆ. ಮಸೂರದ ರಂಧ್ರವನ್ನು ಕಿರಿದು ಮಾಡಿದಷ್ಟೂ ಅದರ ದೋಷಗಳು ಮರೆಯಾಗುತ್ತವೆ, ಆದರೆ ಬೆಳಕು ರಂಧ್ರದ ಅಂಚಿನಲ್ಲಿ ಚದುರಿ ಚಿತ್ರ ಮೃದುವಾಗುತ್ತದೆ. ಎಫ್/64ರಲ್ಲಿ ಜಗತ್ತಿನ ಯಾವ ಮಸೂರವೂ ಮಿಲಿಮೀಟರಿಗೆ ಸುಮಾರು 25 ಜೋಡಿಗಿಂತ ಹೆಚ್ಚು ಬಿಡಿಸಲಾರದು. ಅಲ್ಲಿ ಝೈಸ್ ಮಸೂರವೂ ಹೆಸರಿಲ್ಲದ್ದೂ ಹೆಚ್ಚುಕಡಿಮೆ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಹಾಗಾದರೆ ಎಲ್ಲ ಮಸೂರವೂ ಸಮವೆ? ಅಲ್ಲ. ಹೆಸರಿನಲ್ಲಿ ಕಾಣದ ವ್ಯತ್ಯಾಸಗಳು ಬೇರೆ ಕಡೆ ಇವೆ. ಅವನ್ನು ಹುಡುಕಲು ಪ್ರಯೋಗಾಲಯ ಬೇಡ.

ಮೊದಲು ಕಣ್ಣಿನ ಪರೀಕ್ಷೆ

ಮಸೂರವನ್ನು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಸಣ್ಣ ಗುಳ್ಳೆಗಳು ಕಾಣಬಹುದು. ಹೊಸಬರು ಇದನ್ನು ದೋಷವೆಂದು ಬಿಟ್ಟುಬಿಡುವುದುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾದಲ್ಲಿ ತಯಾರಾದ ಹೊಸ ಬಗೆಯ ಗಾಜುಗಳಲ್ಲಿ ಗುಳ್ಳೆ ಸಹಜವಾಗಿತ್ತು. ಅದು ಒಳ್ಳೆಯ ಗಾಜಿನ ಗುರುತೆಂದೇ ಕಂಪನಿಗಳು ಗಿರಾಕಿಗಳಿಗೆ ಸಮಾಧಾನ ಹೇಳುತ್ತಿದ್ದವು. ನಾಲ್ಕಾರು ಗುಳ್ಳೆಗಳಿಂದ ಚಿತ್ರಕ್ಕೆ ಏನೂ ಆಗದು. ಒಳ ಅಂಚಿನ ಕಪ್ಪು ಬಣ್ಣ ಎದ್ದು ಬಿಳಿಚುಕ್ಕಿ ಕಂಡರೂ ಹೆದರಬೇಕಿಲ್ಲ. ಮುಂದಿನ ಗಾಜಿನ ಮೇಲಿನ ಒಂದು ಗೀರೂ ಅಷ್ಟೇ.

ಹೆದರಬೇಕಾದದ್ದು ಮೂರಕ್ಕೆ. ಮೊದಲನೆಯದು, ಬಟ್ಟೆಯಿಂದ ಒರೆಸಿ ಒರೆಸಿ ಇಡೀ ಗಾಜಿಗೆ ಬಂದ ಮಂಜು. ನೂರು ಸಣ್ಣ ಗೀರುಗಳು ಒಂದು ದೊಡ್ಡ ಗೀರಿಗಿಂತ ಕೆಟ್ಟವು. ಹಿಂದಿನ ಗಾಜಿನ ಮೇಲಿದ್ದರೆ ಇನ್ನೂ ಕೆಟ್ಟವು. ಎರಡನೆಯದು, ಜೇಡರ ಬಲೆಯಂತೆ ಹಬ್ಬಿದ ಬೂಷ್ಟು. ಹೊಸ ಬೂಷ್ಟನ್ನು ಒರೆಸಬಹುದು. ಹಳೆಯದು ಗಾಜನ್ನೇ ತಿಂದಿರುತ್ತದೆ. ಮೂರನೆಯದು, ಎರಡು ಗಾಜುಗಳನ್ನು ಅಂಟಿಸಿದ ಕೆನಡಾ ಬಾಲ್ಸಂ ಎಂಬ ಮರದ ಅಂಟು ಬಿಟ್ಟಿರುವುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವೋ ಹಳದಿ ಕಲೆಯೋ ಕಂಡರೆ ಅದೇ ಇದು. ಅಂಚಿಗಷ್ಟೇ ಸೀಮಿತವಾಗಿದ್ದರೆ ರಂಧ್ರ ಕಿರಿದು ಮಾಡಿ ಬಳಸಬಹುದು. ನಡುವಿಗೆ ಬಂದಿದ್ದರೆ ಮಸೂರ ಕೆಲಸಕ್ಕೆ ಬಾರದು.

ಹೆಸರಿಲ್ಲದ ಮಸೂರದ ಕುಲ ತಿಳಿಯಲೂ ಒಂದು ಉಪಾಯವಿದೆ. ಕತ್ತಲ ಕೋಣೆಯಲ್ಲಿ ಮಸೂರದ ಮುಂದಿನ ಅರ್ಧವನ್ನು ಬಿಚ್ಚಿ, ಒಂದು ದೀಪದ ಪ್ರತಿಬಿಂಬವನ್ನು ಅದರಲ್ಲಿ ನೋಡಬೇಕು. ಗಾಳಿಗೆ ತೆರೆದ ಪ್ರತಿ ಗಾಜಿನ ಮುಖವೂ ಒಂದು ಉಜ್ವಲ ಬಿಂಬ ಕೊಡುತ್ತದೆ. ಅಂಟಿಸಿದ ಪ್ರತಿ ಮುಖವೂ ಒಂದು ಮಂಕು ಬಿಂಬ ಕೊಡುತ್ತದೆ. ಎರಡೂ ಅರ್ಧಗಳಲ್ಲಿ ಎರಡೆರಡು ಉಜ್ವಲ, ಒಂದೊಂದು ಮಂಕು ಬಿಂಬ ಕಂಡರೆ ಅದು 1866ರಲ್ಲಿ ಡಾಲ್‌ಮೇಯರ್ ಮತ್ತು ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಹೊರತಂದ ರ‍್ಯಾಪಿಡ್ ರೆಕ್ಟಿಲಿನಿಯರ್ ಬಗೆ. ಮಂಕು ಬಿಂಬ ಎರಡೆರಡಿದ್ದರೆ ಗೋರ್ಟ್ಸ್ ಕಂಪನಿಯ ಡಾಗರ್ ಬಗೆ. ಮುಂದೆ ನಾಲ್ಕು ಉಜ್ವಲ, ಹಿಂದೆ ಎರಡು ಉಜ್ವಲ ಒಂದು ಮಂಕು ಕಂಡರೆ 1902ರ ಟೆಸ್ಸಾರ್ ಬಗೆ. ಎರಡೂ ಕಡೆ ನಾಲ್ಕು ನಾಲ್ಕು ಉಜ್ವಲ ಬಿಂಬಗಳಿದ್ದು ಮಂಕು ಒಂದೂ ಇಲ್ಲದಿದ್ದರೆ ಡಯಲೈಟ್ ಬಗೆ. ಮುಂದೆ ಎರಡು ಉಜ್ವಲ ಒಂದು ಮಂಕು, ಹಿಂದೆ ನಾಲ್ಕು ಉಜ್ವಲ ಕಂಡರೆ ಸಾಮಾನ್ಯವಾಗಿ 1840ರ ಪೆಟ್ಜ್‌ವಾಲ್ ಬಗೆಯ ಭಾವಚಿತ್ರ ಮಸೂರ.

ಕುಲ ಗೊತ್ತಾದರೆ ಗುಣದ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ. ಆ ಕಾಲದಲ್ಲಿ ಗಾಜನ್ನು ಕೂರಿಸುತ್ತಿದ್ದುದು ಕೈಯಿಂದ. ಒಂದೇ ಹೆಸರಿನ ಎರಡು ಮಸೂರಗಳು ಒಂದೇ ಸಮ ಇರುವುದಿಲ್ಲ. ನೂರು ವರ್ಷದಲ್ಲಿ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿರಲೂಬಹುದು. ಆದ್ದರಿಂದ ಮುಂದಿನ ಪರೀಕ್ಷೆಗಳು ಬೇಕು.

ಅಳತೆ

ಮಸೂರದ ಮೇಲೆ ಏನೂ ಬರೆದಿಲ್ಲದಿದ್ದರೆ ಅದರ ಸಂಗಮ ದೂರವನ್ನು ನಾವೇ ಅಳೆಯಬಹುದು. ಮಸೂರವನ್ನು ಕ್ಯಾಮೆರಾಕ್ಕೆ ಹಾಕಿ, ದೂರದ ಗುಡ್ಡವನ್ನೋ ನೀರಿನ ಟ್ಯಾಂಕನ್ನೋ ಮಬ್ಬುಗಾಜಿನ ಮೇಲೆ ಸ್ಪಷ್ಟ ಮಾಡಿಕೊಂಡು, ಮಸೂರದ ಹಲಗೆ ನಿಂತ ಜಾಗಕ್ಕೆ ಗುರುತು ಹಾಕಬೇಕು. ಆಮೇಲೆ ಒಂದು ಅಡಿಪಟ್ಟಿಯನ್ನು ಎದುರಿಗಿಟ್ಟು, ಅದರ ಚಿತ್ರ ಮಬ್ಬುಗಾಜಿನ ಮೇಲೆ ಅಡಿಪಟ್ಟಿಯಷ್ಟೇ ದೊಡ್ಡದಾಗಿ ಸ್ಪಷ್ಟವಾಗಿ ಮೂಡುವವರೆಗೆ ಬೆಲ್ಲೋಸ್ ಹಿಗ್ಗಿಸಬೇಕು. ಹಲಗೆ ಮೊದಲ ಗುರುತಿನಿಂದ ಎಷ್ಟು ಮುಂದೆ ಬಂದಿತೋ ಅದೇ ಸಂಗಮ ದೂರ.

ಇನ್ನು ರಂಧ್ರದ ಸಂಖ್ಯೆ. ಮುಂದಿನಿಂದ ನೋಡಿದಾಗ ಕಾಣುವ ರಂಧ್ರದ ವ್ಯಾಸದಿಂದ ಸಂಗಮ ದೂರವನ್ನು ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. 210 ಮಿಲಿಮೀಟರ್ ಮಸೂರದಲ್ಲಿ 26 ಮಿಲಿಮೀಟರ್ ರಂಧ್ರ ಕಂಡರೆ ಅದು ಎಫ್/8. ಈ ಲೆಕ್ಕ ಮಾಡುವುದು ಒಳ್ಳೆಯದು. ಏಕೆಂದರೆ ಹಳೆಯ ಮಸೂರಗಳ ಮೇಲೆ 'ಯೂನಿಫಾರ್ಮ್ ಸಿಸ್ಟಮ್' ಎಂಬ ಬೇರೊಂದು ಎಣಿಕೆಯೂ ಇರುತ್ತದೆ. ಅದರಲ್ಲಿ 4 ಎಂದರೆ ಎಫ್/8. 8 ಎಂದರೆ ಎಫ್/11. 32 ಎಂದರೆ ಎಫ್/22. 16 ಮಾತ್ರ ಎರಡರಲ್ಲೂ ಒಂದೇ. ಇದನ್ನು ತಿಳಿಯದೆ ಚಿತ್ರ ತೆಗೆದು, ಕಪ್ಪಾಯಿತೆಂದೋ ತೆಳುವಾಯಿತೆಂದೋ ಮಸೂರವನ್ನು ಬೈಯುವುದು ನ್ಯಾಯವಲ್ಲ.

ಮೂರನೆಯದು ವ್ಯಾಪ್ತಿ. ಮಸೂರ ಬೀಳಿಸುವ ಚಿತ್ರ ಒಂದು ವೃತ್ತ. ಹಾಳೆಯ ನಾಲ್ಕು ಮೂಲೆಗಳೂ ಆ ವೃತ್ತದೊಳಗೆ ಇರಬೇಕು. 4ಕ್ಕೆ 5 ಅಂಗುಲದ ಹಾಳೆಗೆ ಕನಿಷ್ಠ 155 ಮಿಲಿಮೀಟರ್ ವೃತ್ತ ಬೇಕು. ಹಾಫ್ ಪ್ಲೇಟಿಗೆ 205. ಕೋಟೆಯ ಬುರುಜನ್ನು ನೆಟ್ಟಗೆ ತೋರಿಸಲು ಮಸೂರವನ್ನು ಮೇಲಕ್ಕೆ ಸರಿಸುವುದಿದ್ದರೆ ಇನ್ನೂ ಹೆಚ್ಚು ಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆಯ ಮುಂದೆ ನಿಂತವರಿಗೆ ಇದರ ಅಗತ್ಯ ಥಟ್ಟನೆ ಗೊತ್ತಾಗುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಮಸೂರವನ್ನಷ್ಟೇ ಮೇಲಕ್ಕೆ ಸರಿಸಿದರೆ ನೆಟ್ಟಗೆ ನಿಲ್ಲುತ್ತವೆ. ಆದರೆ ಶಾಸನದಂಥ ಹತ್ತಿರದ ವಸ್ತುವಿಗೆ ಮಾತು ಬೇರೆ. ವಸ್ತುವಿನಷ್ಟೇ ದೊಡ್ಡ ಚಿತ್ರ ತೆಗೆಯುವಾಗ ವೃತ್ತದ ಅಗಲ ದೂರದ ದೃಶ್ಯಕ್ಕಿರುವುದರ ಎರಡು ಪಟ್ಟಾಗುತ್ತದೆ. ಬಯಲಿನ ಚಿತ್ರಕ್ಕೆ ಸಾಲದ ಸಣ್ಣ ಮಸೂರ ಬಂಡೆಯ ಅಕ್ಷರಕ್ಕೆ ಧಾರಾಳವಾಗಿ ಸಾಲಬಹುದು.

ಗೋಡೆಯ ಮೇಲೊಂದು ದಿನಪತ್ರಿಕೆ

ಸ್ಪಷ್ಟತೆಯ ಪರೀಕ್ಷೆಗೆ ಪೇಟೆಯಲ್ಲಿ ಸಿಗುವ ನಕ್ಷೆಗಳು ಬೇಕಿಲ್ಲ. ಕನ್ನಡ ದಿನಪತ್ರಿಕೆಯ ಹಾಳೆಗಳೇ ಸಾಕು. ನಮ್ಮ ಒತ್ತಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 'ಕ್ಷ್ಮಿ', 'ಷ್ಟ್ರ' ಎಂಬಲ್ಲಿ ಕೆಳಗಿನ ಸಣ್ಣ ಸುರುಳಿ ಬಿಡಿಯಾಗಿ ಕಂಡರೆ ಮಸೂರ ಕೆಲಸ ಮಾಡುತ್ತಿದೆ ಎಂದರ್ಥ. ಸಪಾಟಾದ ಗೋಡೆಯ ಮೇಲೆ ನಡುವಿಗೊಂದು, ನಾಲ್ಕು ಮೂಲೆಗೆ ನಾಲ್ಕು ಹಾಳೆ ಅಂಟಿಸಬೇಕು.

ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ ಇರಲೇಬೇಕು. ಇದಕ್ಕೆ ಗೋಡೆಯ ನಡುವೆ ಒಂದು ಸಣ್ಣ ಕನ್ನಡಿಯನ್ನು ಚಪ್ಪಟೆಯಾಗಿ ಹಿಡಿಯಬೇಕು. ಮಬ್ಬುಗಾಜಿನ ನಟ್ಟನಡುವೆ ಮಸೂರದ ಸ್ವಂತ ಪ್ರತಿಬಿಂಬ ಕಂಡರೆ ಕ್ಯಾಮೆರಾ ಸರಿಯಾಗಿದೆ. ಬಳಿಕ ರಂಧ್ರವನ್ನು ಪೂರ್ತಿ ತೆರೆದು, ಕಪ್ಪು ಬಟ್ಟೆಯೊಳಗೆ ಭೂತಗನ್ನಡಿ ಹಿಡಿದು ನಡುವಿನ ಅಕ್ಷರಗಳನ್ನು ಸ್ಪಷ್ಟ ಮಾಡಿ, ಮೂಲೆಗಳನ್ನು ಒಂದೊಂದಾಗಿ ನೋಡಬೇಕು. ಎಫ್/11, ಎಫ್/22ಗಳಲ್ಲಿ ಮತ್ತೆ ನೋಡಬೇಕು. ಪೂರ್ತಿ ತೆರೆದಾಗ ಮೂಲೆಗಳು ಮಸುಕಾಗಿರುವುದು ಸಹಜ. ಎಫ್/22ರಲ್ಲೂ ಒತ್ತಕ್ಷರ ಬಿಡಿಸದಿದ್ದರೆ ಆ ಗಾತ್ರದ ಹಾಳೆಗೆ ಆ ಮಸೂರ ಸಲ್ಲದು.

ಒಂದೇ ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ಅವಸರದ ತೀರ್ಮಾನ ಬೇಡ. ಮಸೂರವನ್ನು ಅದರ ಹಲಗೆಯಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಮಸುಕು ಎದುರಿನ ಮೂಲೆಗೆ ಹೋದರೆ ಮಸೂರದ ಗಾಜು ನೆಟ್ಟಗೆ ಕೂತಿಲ್ಲ. ಮಸುಕು ಇದ್ದಲ್ಲೇ ಉಳಿದರೆ ತಪ್ಪು ಕ್ಯಾಮೆರಾದ್ದೋ ಗೋಡೆಯದೋ. ಬಾಗಿದ ಮರದ ಪೆಟ್ಟಿಗೆಯ ಅಪರಾಧವನ್ನು ಎಷ್ಟೋ ಮಸೂರಗಳು ಹೊತ್ತಿವೆ.

ಇನ್ನೂ ಎರಡು ಗುಪ್ತ ದೋಷಗಳಿವೆ. ಕೆಲವು ಹಳೆಯ ಮಸೂರಗಳಲ್ಲಿ ರಂಧ್ರ ಕಿರಿದು ಮಾಡುತ್ತಿದ್ದಂತೆ ಸ್ಪಷ್ಟತೆಯ ಜಾಗವೇ ಹಿಂದೆ ಮುಂದೆ ಸರಿಯುತ್ತದೆ. ಅಡಿಪಟ್ಟಿಯೊಂದನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಅಂಕಿಗೆ ಫೋಕಸ್ ಮಾಡಿ, ರಂಧ್ರ ಕಿರಿದು ಮಾಡುತ್ತಾ ನೋಡಿದರೆ ಇದು ಗೊತ್ತಾಗುತ್ತದೆ. ಇಂಥ ಮಸೂರ ಕೆಟ್ಟದ್ದಲ್ಲ. ಯಾವ ರಂಧ್ರದಲ್ಲಿ ಚಿತ್ರ ತೆಗೆಯುತ್ತೇವೋ ಅದೇ ರಂಧ್ರದಲ್ಲಿ ಫೋಕಸ್ ಮಾಡಿದರಾಯಿತು. ಎರಡನೆಯದು ಮಬ್ಬುಗಾಜಿನ ಜಾಗಕ್ಕೂ ಫಿಲ್ಮಿನ ಜಾಗಕ್ಕೂ ಇರುವ ಕೂದಲೆಳೆಯ ಅಂತರ. ಓರೆ ಅಡಿಪಟ್ಟಿಯನ್ನೇ ಪೂರ್ತಿ ತೆರೆದ ರಂಧ್ರದಲ್ಲಿ ಫಿಲ್ಮಿನ ಮೇಲೆ ತೆಗೆದು, ಕಣ್ಣು ಕಂಡ ಅಂಕಿಯೂ ಫಿಲ್ಮ್ ಕಂಡ ಅಂಕಿಯೂ ಒಂದೇ ಆಗಿದೆಯೆ ಎಂದು ನೋಡಬೇಕು. ಅಗ್ಗವೆಂದು ಈಚೆಗೆ ಹವ್ಯಾಸಿಗಳು ಎಕ್ಸ್‌ರೇ ಫಿಲ್ಮ್ ಬಳಸುತ್ತಾರೆ. ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಸಾಮಾನ್ಯ ಎಕ್ಸ್‌ರೇ ಫಿಲ್ಮಿನ ಎರಡೂ ಬದಿಗೆ ರಾಸಾಯನಿಕ ಲೇಪವಿರುವುದರಿಂದ ಚಿತ್ರ ತುಸು ಮೃದುವಾಗುತ್ತದೆ. ಮಸೂರದ ಕೊನೆಯ ತೀರ್ಪಿಗೆ ಅದು ಸಾಕ್ಷಿಯಾಗಲಾರದು.

ಕಟ್ಟಡದ ಚಿತ್ರಕ್ಕೆ ಮತ್ತೊಂದು ಪರೀಕ್ಷೆ ಬೇಕು. ನೇರವಾದ ಕಂಬವೊಂದನ್ನು ಹಾಳೆಯ ಅಂಚಿಗೆ ಬರುವಂತೆ ನಿಲ್ಲಿಸಿ ಅದು ಬಿಲ್ಲಿನಂತೆ ಬಾಗುತ್ತದೆಯೆ ಎಂದು ನೋಡಬೇಕು. ಹಳೆಯ ಒಂಟಿ ಮಸೂರಗಳಲ್ಲಿ ಇದು ಖಚಿತ. ರ‍್ಯಾಪಿಡ್ ರೆಕ್ಟಿಲಿನಿಯರ್ ಎಂಬ ಹೆಸರಿನಲ್ಲೇ ಸರಳರೇಖೆಯ ಭರವಸೆಯಿದೆ. ರಂಧ್ರದ ಎರಡೂ ಬದಿಗೆ ಒಂದೇ ಬಗೆಯ ಗಾಜಿದ್ದು, ಒಂದರ ಬಾಗನ್ನು ಇನ್ನೊಂದು ಕಳೆಯುತ್ತದೆ. ದೇಗುಲದ ಕಂಬಗಳ ಅಳತೆಗೆ ಚಿತ್ರವನ್ನು ನಂಬುವವರು ಈ ಪರೀಕ್ಷೆಯನ್ನು ಬಿಡಬಾರದು.

ಗವಿಯ ಬೆಳಕು

ಈಗ ಮಸ್ಕಿಯ ಬಂಡೆಗೆ ಮರಳೋಣ. ಶಾಸನವಿರುವುದು ಗುಡ್ಡದ ಗವಿಯಂಥ ಜಾಗದಲ್ಲಿ. ಒಳಗೆ ನೆರಳು, ಹೊರಗೆ ರಾಯಚೂರಿನ ಬಿಸಿಲು. ಇಂಥಲ್ಲಿ ಚಿತ್ರವನ್ನು ಕೆಡಿಸುವುದು ಮಸೂರದ ಮಸುಕಿಗಿಂತ ಹೆಚ್ಚಾಗಿ ಅದರೊಳಗೆ ಅಲೆಯುವ ಬೆಳಕು. ಲೇಪವಿಲ್ಲದ ಗಾಜಿನ ಪ್ರತಿ ಮುಖವೂ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ಐದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ನಾಲ್ಕು ಮುಖಗಳ ರ‍್ಯಾಪಿಡ್ ರೆಕ್ಟಿಲಿನಿಯರಿನಲ್ಲಿ ನೂರಕ್ಕೆ 81 ಪಾಲು ದಾಟಿ ಬರುತ್ತದೆ. ಎಂಟು ಮುಖಗಳ ಡಯಲೈಟಿನಲ್ಲಿ ದಾಟುವುದು 66 ಪಾಲು ಮಾತ್ರ. ಕಳೆದುಹೋದ ಬೆಳಕು ಸುಮ್ಮನಿರುವುದಿಲ್ಲ. ಅದರಲ್ಲೊಂದು ಭಾಗ ಮಸೂರದೊಳಗೆ ಅತ್ತಿತ್ತ ಪುಟಿದು ಫಿಲ್ಮಿನ ಮೇಲೆ ಮಂಜಿನಂತೆ ಹರಡುತ್ತದೆ. ಅಕ್ಷರದ ಗೀರಿನೊಳಗಿನ ನೆರಳು ಬೂದಿಯಾಗುತ್ತದೆ. ಓಕಾರದ ಕಿರುಗೆರೆ ಕಲ್ಲಿನ ಬಣ್ಣದಲ್ಲಿ ಕರಗುತ್ತದೆ.

1935ರಲ್ಲಿ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಈ ಹೊಳಪನ್ನು ತಗ್ಗಿಸುವ ತೆಳು ಲೇಪವನ್ನು ಕಂಡುಹಿಡಿದ. ಎರಡನೆಯ ಮಹಾಯುದ್ಧದ ನಂತರ ಅದು ಎಲ್ಲೆಡೆ ಬಂದಿತು. ಅದಕ್ಕೂ ಹಿಂದಿನ ಮಸೂರಗಳಲ್ಲಿ ನಾಲ್ಕು ಮುಖದ ಅನಾಮಿಕ ಮಸೂರ ಎಂಟು ಮುಖದ ಹೆಸರಾಂತ ಮಸೂರವನ್ನು ಇಂಥ ಗವಿಯಲ್ಲಿ ಸೋಲಿಸಬಹುದು. ಗೋಡೆಯ ಮೇಲಿನ ಪತ್ರಿಕೆಯ ಪರೀಕ್ಷೆಯಲ್ಲಿ ಗೆದ್ದದ್ದು ಎರಡನೆಯದೇ ಆಗಿದ್ದರೂ ಸರಿ. ಇದನ್ನು ಮನೆಯಲ್ಲೇ ನೋಡಬಹುದು. ಬಿಸಿಲು ತುಂಬಿದ ಕಿಟಕಿಯ ಪಕ್ಕದ ನೆರಳಿನಲ್ಲಿ ಕಪ್ಪು ಕಂಬಳಿಯೊಂದನ್ನು ನೇತುಹಾಕಿ, ಎರಡೂ ಬರುವಂತೆ ಚಿತ್ರ ತೆಗೆಯಬೇಕು. ಕಂಬಳಿಯ ಮಡಿಕೆಗಳು ಕಪ್ಪಾಗಿಯೇ ಉಳಿದರೆ ಮಸೂರ ಗೆದ್ದಿತು. ಒಂದು ಕೊಡೆಯೋ ರಟ್ಟಿನ ತುಂಡೋ ಮಸೂರಕ್ಕೆ ನೆರಳು ಮಾಡಿದರೆ ಸಾಧಾರಣ ಮಸೂರದ ಯೋಗ್ಯತೆಯೂ ಏರುತ್ತದೆ.

ಇನ್ನುಳಿದದ್ದು ಬೆಳಕಿನ ದಿಕ್ಕು. ಎದುರಿನಿಂದ ಬೆಳಕು ಬಿದ್ದರೆ ಕೊರೆದ ಅಕ್ಷರಕ್ಕೆ ನೆರಳಿಲ್ಲ, ನೆರಳಿಲ್ಲದಿದ್ದರೆ ಅಕ್ಷರವಿಲ್ಲ. ಕನ್ನಡಿಯಿಂದಲೋ ಬಿಳಿ ಹಲಗೆಯಿಂದಲೋ ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಹಾಯಿಸಿದರೆ ಸವೆದ ಗೀರೂ ಎದ್ದು ಕಾಣುತ್ತದೆ. ಒಂದೇ ದಿಕ್ಕಿನ ಬೆಳಕಿಗೆ ಸಮಾನಾಂತರವಾಗಿರುವ ಗೆರೆ ಅಡಗಿಕೊಳ್ಳುವುದರಿಂದ ಎರಡು ಮೂರು ದಿಕ್ಕಿನಿಂದ ಬೇರೆ ಬೇರೆ ಚಿತ್ರ ಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಇಂಥ ಕೆಲಸಕ್ಕೆ ಇಲಾಖೆಯ ಅನುಮತಿ ಪಡೆಯಬೇಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವುದನ್ನಂತೂ ಮಾಡಲೇಬಾರದು. ಸುಣ್ಣ ಹಚ್ಚಿದವನು ಚಿತ್ರಿಸುವುದು ಕಲ್ಲನ್ನಲ್ಲ, ತನ್ನ ಊಹೆಯನ್ನು.

ಯಾವ ಕೆಲಸಕ್ಕೆ ಯಾವುದು

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. 'ಒಳ್ಳೆಯ ಮಸೂರ' ಎಂಬ ಮಾತಿಗೆ ಕೆಲಸದ ಹೆಸರು ಸೇರದೆ ಅರ್ಥವಿಲ್ಲ. ಪೆಟ್ಜ್‌ವಾಲ್ ಬಗೆಯ ಮಸೂರ ದಿನಪತ್ರಿಕೆಯ ಪರೀಕ್ಷೆಯಲ್ಲಿ ನಡುವೊಂದನ್ನು ಬಿಟ್ಟು ಎಲ್ಲೆಡೆ ನಪಾಸಾಗುತ್ತದೆ. ಆದರೆ ಅಜ್ಜಿಯ ಮುಖವನ್ನು ನಡುವೆ ಇಟ್ಟು ತೆಗೆದರೆ, ಕಣ್ಣುಗಳು ಹೊಳೆದು ಸುತ್ತಲಿನದೆಲ್ಲ ಕರಗುವ ಆ ಚಿತ್ರವನ್ನು ಬೇರೆ ಮಸೂರದಿಂದ ತೆಗೆಯುವುದು ಕಷ್ಟ. ಮುದ್ರಣಾಲಯಗಳಲ್ಲಿ ಬ್ಲಾಕ್ ಮಾಡಲು ಬಳಸುತ್ತಿದ್ದ ಪ್ರೋಸೆಸ್ ಮಸೂರಗಳಿಗೆ ಷಟರ್ ಇಲ್ಲ, ದೊಡ್ಡ ರಂಧ್ರವೂ ಇಲ್ಲ. ಆದ್ದರಿಂದ ಬೇಡಿಕೆ ಕಡಿಮೆ. ಆದರೆ ಸಪಾಟಾದ ವಸ್ತುವನ್ನು ಹತ್ತಿರದಿಂದ ಮೂಲೆಮೂಲೆಯೂ ಸ್ಪಷ್ಟವಾಗಿ ತೆಗೆಯಲೆಂದೇ ಅವು ಹುಟ್ಟಿದ್ದು. ತಾಮ್ರಪಟ, ತಾಳೆಗರಿ, ಹಳೆಯ ನಕ್ಷೆಗಳಿಗೆ ಅವುಗಳಿಗಿಂತ ಒಳ್ಳೆಯವು ಸಿಗಲಾರವು. ಷಟರ್ ಇಲ್ಲದಿದ್ದರೆ ಮುಚ್ಚಳವೇ ಷಟರ್. ಕಿರಿದು ರಂಧ್ರದಲ್ಲಿ ಸೆಕೆಂಡುಗಟ್ಟಲೆ ಬೆಳಕು ಕೊಡುವಾಗ ಅದು ಸಾಕಾಗುತ್ತದೆ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಊರೂರಿನ ಸ್ಟುಡಿಯೊಗಳಲ್ಲಿ ಮರದ ಕ್ಯಾಮೆರಾ ಅಟ್ಟ ಸೇರಿತು. ಹಲವು ಗುಜರಿ ಪಾಲಾದವು. ಕೆಲವು ಹೋಟೆಲುಗಳ ಅಲಂಕಾರವಾದವು. ಮಸೂರದ ಜೊತೆಗೆ ಡಬ್ಬಿಗಳಲ್ಲಿದ್ದ ಗಾಜಿನ ಪ್ಲೇಟುಗಳೂ ಹೋದರೆ, ಒಂದು ಊರಿನ ಮದುವೆ, ಜಾತ್ರೆ, ಶಾಲೆ, ಬೀದಿಗಳ ದಾಖಲೆಯೇ ಹೋದಂತೆ. ಆ ಮಸೂರಗಳ ಬಗ್ಗೆ ಅತ್ಯಂತ ನಂಬಲರ್ಹ ಪರೀಕ್ಷಾ ವರದಿಯೂ ಆ ಪ್ಲೇಟುಗಳೇ. ಮಸೂರ ಹೇಗಿದೆ ಎಂದು ತಿಳಿಯಬೇಕಾದರೆ ಅದು ಐವತ್ತು ವರ್ಷ ತೆಗೆದ ಚಿತ್ರಗಳನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರಾಯಿತು: ಗುಂಪಿನ ಚಿತ್ರದ ಕೊನೆಯ ಸಾಲಿನ ಮೂಲೆಯಲ್ಲಿ ನಿಂತ ಹುಡುಗನ ಅಂಗಿಯ ಗುಂಡಿ ಕಾಣುತ್ತದೆಯೆ? ಹಿಂದಿನ ಗೋಡೆಯ ಕಂಬ ನೆಟ್ಟಗಿದೆಯೆ? ಕಪ್ಪು ಕೋಟಿನ ಮಡಿಕೆ ಉಳಿದಿದೆಯೆ?

ಮನೆಯಲ್ಲಿ ಇಂಥದ್ದೊಂದು ಇದ್ದವರು ಮಾರುವ ಮುನ್ನ ಇಷ್ಟು ಮಾಡಬಹುದು. ಮಸೂರವನ್ನು ಒಣಗಿದ, ಗಾಳಿಯಾಡುವ ಕಡೆ ಇಡಿ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಜನ್ನು ಬಟ್ಟೆಯಿಂದ ತಿಕ್ಕಬೇಡಿ. ಸಂಗಮ ದೂರ, ರಂಧ್ರ, ಬಿಂಬಗಳ ಎಣಿಕೆ, ಮೂಲೆಗಳ ಸ್ಥಿತಿ ಇವನ್ನು ಒಂದು ಚೀಟಿಯಲ್ಲಿ ಬರೆದು ಮಸೂರದ ಜೊತೆಗೇ ಇಡಿ. ಪ್ಲೇಟುಗಳನ್ನು ಅದರಿಂದ ಬೇರೆ ಮಾಡಬೇಡಿ.

ಹೆಸರಿಲ್ಲದ ಶಾಸನಗಳನ್ನು ವಿದ್ವಾಂಸರು 1915ಕ್ಕೆ ಮೊದಲೂ ಅಶೋಕನವೆಂದೇ ಓದಿದ್ದರು. ಲಿಪಿ, ಭಾಷೆ, ಹೇಳಿದ ಮಾತು ಎಲ್ಲವನ್ನೂ ತೂಗಿ ನೋಡಿ ಬಂದ ನಿರ್ಣಯವದು. ಮಸ್ಕಿಯ ಹೆಸರು ಆ ನಿರ್ಣಯವನ್ನು ಗಟ್ಟಿ ಮಾಡಿತು. ಮಸೂರದ ವಿಷಯದಲ್ಲೂ ಕ್ರಮ ಇದೇ ಆಗಬೇಕು. ಮೊದಲು ಪರೀಕ್ಷೆ, ಆಮೇಲೆ ಹೆಸರು.